ಫ್ಯಾಷನ್ ಪತ್ರಿಕೆಯ ಗುಣಮಟ್ಟ ಮತ್ತು ಓದುಗರ ನಿರಾಶೆ: ‘ವೋಗ್’ ಚರಿತ್ರೆಯನ್ನು ರೇಷ್ಮೆ ಸೀಮೆಯ ನೆಲೆಯಿಂದ ನೋಡಿದಾಗ

ದೊಡ್ಡಬಳ್ಳಾಪುರದಿಂದ ಹಿಂದೂಪುರದ ಕಡೆಗೆ ಸಾಗುವ ರೈಲುಮಾರ್ಗದಲ್ಲಿ ಮಾಕಳಿದುರ್ಗದ ಬೆಟ್ಟಗಳನ್ನು ದಾಟಿದ ಮೇಲೆ ಸಿಗುವ ನಿಲ್ದಾಣ ತೊಂಡೇಬಾವಿ. ಗೌರಿಬಿದನೂರು ತಾಲ್ಲೂಕಿನ ಈ ಊರು ಕೋಲಾರ ಜಿಲ್ಲೆಯಲ್ಲಿದ್ದು, 2007ರಲ್ಲಿ ಹೊಸದಾಗಿ ರಚನೆಯಾದ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿತು. ಇದರ ದಕ್ಷಿಣಕ್ಕೆ ದೊಡ್ಡಬಳ್ಳಾಪುರದ ಮಗ್ಗಗಳೂ ಸಿದ್ಧ ಉಡುಪಿನ ಕಾರ್ಖಾನೆಗಳೂ ಇವೆ. ಪೂರ್ವಕ್ಕೆ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಿದೆ. ಚಿಂತಾಮಣಿಯವರೆಗೂ ಹರಡಿದ ಹಳ್ಳಿಗಳಲ್ಲಿ ಹಿಪ್ಪುನೇರಳೆಯ ತೋಟಗಳಿವೆ. ಗೂಡಿನಿಂದ ಮೊದಲ ಎಳೆಯನ್ನು ತೆಗೆಯುವವರೂ ಹೊಲಿದ ಅಂಗಿಗೆ ಕೊನೆಯ ಗುಂಡಿಯನ್ನು ಹಾಕುವವರೂ ಒಂದೇ ಸೀಮೆಯಲ್ಲಿ ಬದುಕುತ್ತಿದ್ದಾರೆ. ಉಡುಗೆತೊಡುಗೆಯನ್ನೇ ವಿಷಯವಾಗಿ ಉಳ್ಳ ಪತ್ರಿಕೆಗಳ ಚರಿತ್ರೆಯನ್ನು ಇಂತಹ ಸೀಮೆಯಲ್ಲಿ ನಿಂತು ನೋಡಿದರೆ ನ್ಯೂಯಾರ್ಕ್ ಅಥವಾ ಲಂಡನ್ನಿನಲ್ಲಿ ಕಾಣದ ಕೆಲವು ಸಂಗತಿಗಳು ಕಾಣಿಸುತ್ತವೆ.

ದೀರ್ಘಕಾಲ ನಡೆದುಬಂದ ಪತ್ರಿಕೆಯೊಂದು ‘ಮೊದಲಿನಂತಿಲ್ಲ’ ಎಂಬ ಓದುಗರ ಮಾತು ಪತ್ರಿಕೋದ್ಯಮದಷ್ಟೇ ಹಳೆಯದು. ಸಾಹಿತ್ಯಪತ್ರಿಕೆಯ ಬಗ್ಗೆ ಹೀಗೆ ಹೇಳಿದಾಗ ವಿದ್ವಾಂಸರು ಕಿವಿಗೊಡುತ್ತಾರೆ. ಫ್ಯಾಷನ್ ಪತ್ರಿಕೆಯ ಬಗ್ಗೆ ಹೇಳಿದಾಗ ಮಾತ್ರ ಅದನ್ನು ವಯಸ್ಸಿನ ಹಳಹಳಿಕೆಯೆಂದೋ ಹೆಂಗಸರ ಹಗುರ ಹರಟೆಯೆಂದೋ ಬದಿಗೆ ಸರಿಸುವುದುಂಟು. ಈ ಉಪೇಕ್ಷೆ ಸರಿಯಲ್ಲ. ಬಟ್ಟೆಯ ಪತ್ರಿಕೆಯ ಗುಣಮಟ್ಟವನ್ನು ಅಳೆಯಲು ಖಚಿತವಾದ ಮಾನದಂಡವೊಂದು ಉಂಟು: ಬಟ್ಟೆಯನ್ನು ಕುರಿತು ಪತ್ರಿಕೆಗೆ ಎಷ್ಟು ಗೊತ್ತಿದೆ, ಆ ತಿಳಿವಳಿಕೆಯಲ್ಲಿ ಎಷ್ಟು ಪಾಲನ್ನು ಅದು ಓದುವವಳ ಕೈಗೆ ದಾಟಿಸುತ್ತದೆ ಎಂಬುದೇ ಆ ಮಾನದಂಡ. ಈ ಅಳತೆಯಿಂದ ನೋಡಿದಾಗ ಓದುಗರ ನಿರಾಶೆಗೆ ಬಲವಾದ ಐತಿಹಾಸಿಕ ಆಧಾರ ದೊರೆಯುತ್ತದೆ. ಇಂತಹ ಪತ್ರಿಕೆಗಳಲ್ಲಿ ಅತ್ಯಂತ ಹೆಸರಾದ, 1892ರಿಂದ ಇಂದಿನವರೆಗೂ ನಡೆದುಬಂದಿರುವ ‘ವೋಗ್’ ಇದಕ್ಕೆ ಒಳ್ಳೆಯ ನಿದರ್ಶನ.

ಕತ್ತರಿಸಿ ಹೊಲಿಯುವ ಓದುಗಳು

ಹತ್ತೊಂಬತ್ತನೆಯ ಶತಮಾನದ ಸ್ತ್ರೀಯರ ಪತ್ರಿಕೆಗಳು ಹೊಲಿಗೆ ಬಲ್ಲವಳಿಗಾಗಿ ಹುಟ್ಟಿದವು. 1830ರಲ್ಲಿ ಫಿಲಡೆಲ್ಫಿಯಾದಲ್ಲಿ ಆರಂಭವಾದ ‘ಗೋಡೀಸ್ ಲೇಡೀಸ್ ಬುಕ್’ ಕೈಯಿಂದ ಬಣ್ಣ ತುಂಬಿದ ಉಡುಪಿನ ಚಿತ್ರಗಳಿಗೆ ಹೆಸರಾಗಿತ್ತು. 1837ರಿಂದ 1877ರವರೆಗೆ ಅದರ ಸಂಪಾದಕಿಯಾಗಿದ್ದ ಸಾರಾ ಜೋಸೆಫಾ ಹೇಲ್ ಚಿತ್ರಗಳ ಜೊತೆಗೆ ಕಥೆ, ಕವಿತೆ, ಸ್ತ್ರೀಶಿಕ್ಷಣದ ವಾದಗಳನ್ನೂ ಬೆಸೆದರು. 1863ರಲ್ಲಿ ಎಬೆನೆಜರ್ ಬಟರಿಕ್ ಬೇರೆ ಬೇರೆ ಅಳತೆಗಳಲ್ಲಿ ಕಾಗದದ ಪ್ಯಾಟರ್ನುಗಳನ್ನು ಮಾರಲು ತೊಡಗಿದ ಮೇಲೆ ಪತ್ರಿಕೆಗೂ ಹೊಲಿಗೆಯ ಯಂತ್ರಕ್ಕೂ ನಂಟು ಬಿಗಿಯಾಯಿತು. 1867ರಲ್ಲಿ ‘ಹಾರ್ಪರ್ಸ್ ಬಜಾರ್’ ಹೊರಬಂದಿತು. ಓದುಗಳು ಚಿತ್ರವನ್ನು ನೋಡಿ ಬಟ್ಟೆಯಂಗಡಿಗೆ ಹೋಗಿ ಇಷ್ಟು ಗಜವೆಂದು ಕೊಂಡು, ಅಳತೆಯ ಕಾಗದವನ್ನು ಮೇಲಿಟ್ಟು ಕತ್ತರಿಸಿ ಹೊಲಿಯುತ್ತಿದ್ದಳು. ಪತ್ರಿಕೆ ಹೇಳಿದ್ದು ಸುಳ್ಳಾದರೆ ತೋಳು ಹೊಂದುತ್ತಿರಲಿಲ್ಲ. ಪತ್ರಿಕೆಯ ಸತ್ಯಾಸತ್ಯವನ್ನು ಓದುಗಳು ಮೈಮೇಲೆ ಹಾಕಿಕೊಂಡು ಪರೀಕ್ಷಿಸುತ್ತಿದ್ದ ಕಾಲ ಅದು.

1892ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಆರ್ಥರ್ ಟರ್ನ್ಯೂರ್ ಆರಂಭಿಸಿದ ‘ವೋಗ್’ ಈ ಪರಂಪರೆಯಿಂದ ಸ್ವಲ್ಪ ಬೇರೆಯಾಗಿತ್ತು. ಅದು ಮೊದಲಿಗೆ ನ್ಯೂಯಾರ್ಕಿನ ಸಿರಿವಂತ ಸಮಾಜದ ವಾರಪತ್ರಿಕೆ. ಔತಣಕೂಟ, ಶಿಷ್ಟಾಚಾರ, ಉಡುಪುಗಳ ಸುದ್ದಿ ಅದರ ಸರಕು. ಆದರೂ 1899ರ ಹೊತ್ತಿಗೆ ಅದು ಕೂಡ ಚೀಟಿ ಕಳಿಸಿದವರಿಗೆ 50 ಸೆಂಟಿಗೆ ಪ್ಯಾಟರ್ನ್ ಒದಗಿಸಲು ತೊಡಗಿತು. ಸಿರಿವಂತರ ಪತ್ರಿಕೆಯೊಳಗೆ ಹೀಗೆ ಹೊಲಿಯುವ ಓದುಗಳೂ ಬಂದು ಸೇರಿದಳು. ಮುಂದಿನ ಆರು ದಶಕಗಳ ‘ವೋಗ್’ನ ಸತ್ತ್ವವೆಲ್ಲ ಈ ಇಬ್ಬರು ಓದುಗರ ನಡುವಣ ಸಮತೋಲದಲ್ಲಿ ಅಡಗಿದೆ ಎಂದರೆ ತಪ್ಪಾಗಲಾರದು.

1909ರಲ್ಲಿ ಪತ್ರಿಕೆಯನ್ನು ಕೊಂಡ ಕಾಂಡೇ ನ್ಯಾಸ್ಟ್ ಒಂದು ಹೊಸ ಆರ್ಥಿಕ ಸೂತ್ರವನ್ನು ತಂದನು. ಪತ್ರಿಕೆಗೆ ಬಹಳ ಮಂದಿ ಓದುಗರು ಬೇಕಿಲ್ಲ. ಹಣವುಳ್ಳ ಕೆಲವರು ಸಾಕು. ಅವರ ಗಮನವನ್ನು ಜಾಹೀರಾತುದಾರರಿಗೆ ಹೆಚ್ಚಿನ ದರಕ್ಕೆ ಒದಗಿಸಬಹುದು. ಈ ಸೂತ್ರದ ಪ್ರಕಾರ ಪತ್ರಿಕೆಯ ನಿಜವಾದ ಗಿರಾಕಿ ಜಾಹೀರಾತುದಾರ; ಓದುಗಳು ಅವನಿಗೆ ಒಪ್ಪಿಸುವ ಸರಕು. ಇಂದು ಸಾಮಾನ್ಯವೆನಿಸಿರುವ ಈ ವಿಚಾರ ಅಂದು ಹೊಸತು, ಮತ್ತು ಮುಂದಿನ ಇಳಿಕೆಯ ಬೀಜವೂ ಇದರಲ್ಲಿಯೇ ಇತ್ತು. ಆದರೆ ಬೀಜ ಮೊಳೆಯಲು ಬಹುಕಾಲ ಹಿಡಿಯಿತು. ಅದಕ್ಕೆ ಕಾರಣ ಸಂಪಾದಕಿಯರು. 1895ರಲ್ಲಿ ಸಣ್ಣ ಗುಮಾಸ್ತೆಯಾಗಿ ಸೇರಿ, 1914ರಿಂದ 1952ರವರೆಗೆ ಸಂಪಾದಕಿಯಾಗಿದ್ದ ಎಡ್ನಾ ವೂಲ್ಮನ್ ಚೇಸ್ ಬಟ್ಟೆಯ ಕಸುಬನ್ನು ಬಲ್ಲವರು. ಮೊದಲನೆಯ ಮಹಾಯುದ್ಧದಿಂದ ಪ್ಯಾರಿಸಿನ ಉಡುಪುಗಳ ಸರಬರಾಜು ಸಂದೇಹಕ್ಕೆ ಸಿಲುಕಿದ 1914ರಲ್ಲಿ ನ್ಯೂಯಾರ್ಕಿನ ದರ್ಜಿಗಳ ಉಡುಪುಗಳನ್ನೇ ಪ್ರದರ್ಶಿಸುವ ಏರ್ಪಾಟು ಮಾಡಿ ಅವರಿಗೆ ಮಾನ್ಯತೆ ಕೊಡಿಸಿದವರು ಅವರೇ. 1932ರ ಜುಲೈ ಸಂಚಿಕೆಯ ಮುಖಪುಟಕ್ಕೆ ಎಡ್ವರ್ಡ್ ಸ್ಟೈಕನ್ ತೆಗೆದ ವರ್ಣಛಾಯಾಚಿತ್ರ ಬಂದಿತು. ಅಲ್ಲಿಂದಾಚೆಗೆ ಚಿತ್ರಕಾರನ ಕುಂಚದ ಜಾಗವನ್ನು ಕ್ಯಾಮೆರಾ ಮೆಲ್ಲಮೆಲ್ಲನೆ ಆಕ್ರಮಿಸಿತು.

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಬ್ರಿಟಿಷ್ ‘ವೋಗ್’ ನಡೆದುಕೊಂಡ ರೀತಿ ಫ್ಯಾಷನ್ ಪತ್ರಿಕೆಯ ಸಾಧ್ಯತೆ ಎಲ್ಲಿಯವರೆಗೆ ಹೋಗಬಲ್ಲದೆಂಬುದಕ್ಕೆ ಉದಾಹರಣೆ. 1941ರ ಜೂನಿನಲ್ಲಿ ಬ್ರಿಟನ್ನಿನಲ್ಲಿ ಬಟ್ಟೆಗೆ ಪಡಿತರ ಬಂದಿತು, ಕಾಗದಕ್ಕೂ ಮಿತಿಯಿತ್ತು. 1940ರಿಂದ 1960ರವರೆಗೆ ಸಂಪಾದಕಿಯಾಗಿದ್ದ ಆಡ್ರೆ ವಿದರ್ಸ್, ಕೊಳ್ಳಲು ಬಟ್ಟೆಯೇ ಇಲ್ಲದ ದಿನಗಳಲ್ಲಿ ಬಟ್ಟೆಯ ಪತ್ರಿಕೆಯನ್ನು ನಡೆಸಬೇಕಾಗಿ ಬಂದಿತು. ಹಳೆಯದನ್ನು ತಿದ್ದಿ ತೊಡುವುದು, ಕಡಿಮೆ ಬಟ್ಟೆಯಲ್ಲಿ ಹೆಚ್ಚು ಬಾಳಿಕೆ ಪಡೆಯುವುದು ಅದರ ವಿಷಯಗಳಾದವು. ಅದೇ ಪತ್ರಿಕೆಗಾಗಿ ಯುದ್ಧಭೂಮಿಗೆ ಹೋದ ಛಾಯಾಗ್ರಾಹಕಿ ಲೀ ಮಿಲ್ಲರ್ ನಾತ್ಸಿ ಯಾತನಾ ಶಿಬಿರಗಳಲ್ಲಿ ತೆಗೆದ ಚಿತ್ರಗಳು 1945ರ ಜೂನಿನ ಅಮೆರಿಕನ್ ‘ವೋಗ್’ನಲ್ಲಿ ಅಚ್ಚಾದವು. ಟೋಪಿ, ಕೈಚೀಲಗಳ ಚಿತ್ರಗಳ ನಡುವೆ ಹೆಣದ ರಾಶಿಯ ಚಿತ್ರವನ್ನು ಓದುಗರ ಮುಂದಿಟ್ಟ ಸಂಪಾದಕರಿಗೆ ತಮ್ಮ ಓದುಗರ ಮೇಲೆ ಎಂತಹ ನಂಬಿಕೆಯಿತ್ತೆಂಬುದನ್ನು ಇಲ್ಲಿ ನೆನೆಯಬೇಕು.

1950 ಮತ್ತು 1951ರಲ್ಲಿ ಅರ್ವಿಂಗ್ ಪೆನ್ ಪ್ಯಾರಿಸ್, ಲಂಡನ್, ನ್ಯೂಯಾರ್ಕ್ ನಗರಗಳಲ್ಲಿ ತೆಗೆದ ಕಸುಬುದಾರರ ಭಾವಚಿತ್ರಗಳೂ ‘ವೋಗ್’ನಲ್ಲಿಯೇ ಪ್ರಕಟವಾದವು. ರೊಟ್ಟಿ ಸುಡುವವನು, ಕಟುಕ, ಕಸ ಗುಡಿಸುವ ಹೆಂಗಸು ಮೊದಲಾದವರು ತಮ್ಮ ಕೆಲಸದ ಉಡುಪಿನಲ್ಲಿ, ತಮ್ಮವೇ ಹತ್ಯಾರುಗಳನ್ನು ಹಿಡಿದು, ರೂಪದರ್ಶಿಯರು ನಿಲ್ಲುತ್ತಿದ್ದಂತಹದೇ ಬೆಳಕಿನಲ್ಲಿ ನಿಂತಿದ್ದಾರೆ. ಆ ಚಿತ್ರಗಳಿಗೆ ಅವರ ಹೆಸರಿಲ್ಲ, ಕಸುಬಿನ ಹೆಸರೇ ಶೀರ್ಷಿಕೆ. ಅದು ಒಂದು ಕೊರತೆಯೇ. ಆದರೂ ಕೆಲಸದ ಬಟ್ಟೆಯೂ ಬಟ್ಟೆಯೇ ಎಂಬ ವಿವೇಕ ಅಲ್ಲಿತ್ತು. ಮುಂದೆ ಬರಲಿರುವ ಒಂದು ಪ್ರಸಂಗಕ್ಕಾಗಿ ಈ ಚಿತ್ರಗಳನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಇಳಿಕೆಯ ಹಾದಿ

ಗುಣಮಟ್ಟದ ಇಳಿಕೆ ಯಾವಾಗ ಆರಂಭವಾಯಿತೆಂದು ಕೇಳಿದರೆ ಬಹುಮಂದಿ ಓದುಗರು ಒಬ್ಬ ಸಂಪಾದಕಿಯ ಹೆಸರನ್ನು ಹೇಳುತ್ತಾರೆ. ಡಯಾನಾ ವ್ರೀಲ್ಯಾಂಡರ 1960ರ ದಶಕವನ್ನು ಮೆಚ್ಚಿದವರು 1971ರಲ್ಲಿ ಬಂದ ಗ್ರೇಸ್ ಮಿರಾಬೆಲ್ಲಾರನ್ನು ಒಪ್ಪಲಿಲ್ಲ. ಮಿರಾಬೆಲ್ಲಾರ ಕಾಲವನ್ನು ಮೆಚ್ಚಿದವರು 1988ರಲ್ಲಿ ಬಂದ ಆನಾ ವಿಂಟೂರರನ್ನು ಒಪ್ಪಲಿಲ್ಲ. ಪ್ರತಿ ತಲೆಮಾರೂ ತನ್ನ ಯೌವನದ ಸಂಚಿಕೆಗಳನ್ನೇ ಶ್ರೇಷ್ಠವೆನ್ನುವುದು ಸಹಜ. ಆದ್ದರಿಂದ ವ್ಯಕ್ತಿಗಳನ್ನು ಬಿಟ್ಟು ಘಟನೆಗಳನ್ನು ಹಿಡಿಯುವುದೇ ಕ್ಷೇಮ. ಅಂತಹ ಮೊದಲ ಘಟನೆ 1961ರದು. ಆ ವರ್ಷ ಕಾಂಡೇ ನ್ಯಾಸ್ಟ್ ಸಂಸ್ಥೆ ತನ್ನ ಪ್ಯಾಟರ್ನ್ ವಿಭಾಗವನ್ನು ಬಟರಿಕ್ ಕಂಪನಿಗೆ ಮಾರಿತು. ‘ವೋಗ್’ ಹೆಸರಿನ ಪ್ಯಾಟರ್ನುಗಳು ಆಮೇಲೂ ಬಂದವು. ಆದರೆ ಪತ್ರಿಕೆಯ ಮನೆಯಲ್ಲಿ ಅವು ತಯಾರಾಗಲಿಲ್ಲ. ಹೊಲಿಯುವವಳಿಗೆ ಪತ್ರಿಕೆ ನೇರವಾಗಿ ಉತ್ತರ ಹೇಳಬೇಕಾದ ಬಂಧ ಅಲ್ಲಿಗೆ ಸಡಿಲಿತು. ಅಂದು ಇದನ್ನು ಯಾರೂ ದೊಡ್ಡ ಸುದ್ದಿಯೆಂದು ಭಾವಿಸಿದಂತಿಲ್ಲ.

ಪ್ಯಾಟರ್ನನ್ನು ಬಿಡದೆ ಬಾಳಿದ ಪತ್ರಿಕೆಯೂ ಇದೆ. ಜರ್ಮನಿಯಲ್ಲಿ ಆನೆ ಬುರ್ಡಾ 1950ರಲ್ಲಿ ಆರಂಭಿಸಿದ ‘ಬುರ್ಡಾ’ ಪತ್ರಿಕೆ ಒಂದರ ಮೇಲೊಂದು ಗೆರೆಗಳು ಹೆಣೆದುಕೊಂಡ ಅಳತೆಯ ಹಾಳೆಯನ್ನು ಸಂಚಿಕೆಯ ಜೊತೆಗೇ ಕೊಡುತ್ತ ಬಂದಿತು. 1987ರಲ್ಲಿ ಅದು ರಷ್ಯನ್ ಭಾಷೆಯಲ್ಲಿ ಸೋವಿಯತ್ ಒಕ್ಕೂಟವನ್ನು ಪ್ರವೇಶಿಸಿತು. ಅಂಗಡಿಯಲ್ಲಿ ಒಳ್ಳೆಯ ಉಡುಪು ಸಿಗದ ನಾಡಿನಲ್ಲಿ ಆ ಹಾಳೆಯೇ ಅಂಗಡಿಯಾಯಿತು.

‘ವೋಗ್’ ಹಿಡಿದ ದಾರಿ ಬೇರೆ. ಮಿರಾಬೆಲ್ಲಾ ದುಡಿಯುವ ಹೆಂಗಸನ್ನು ಮನಸ್ಸಿನಲ್ಲಿಟ್ಟುಕೊಂಡು ತೊಡಲು ಅನುಕೂಲವಾದ ಉಡುಪುಗಳಿಗೆ ಎಡೆಕೊಟ್ಟರು. 1973ರಲ್ಲಿ ಪತ್ರಿಕೆ ಮಾಸಿಕವಾಯಿತು. ಅವರ ಅವಧಿಯಲ್ಲಿ ಪ್ರಸಾರ 4 ಲಕ್ಷದಿಂದ 12 ಲಕ್ಷಕ್ಕೇರಿತು. ಪ್ರಸಾರ ಮೂರು ಪಟ್ಟಾದದ್ದು ಹೆಮ್ಮೆಯ ವಿಷಯವಾದರೂ, ಅಷ್ಟು ಜನರಿಗೆ ಅಚ್ಚುಹಾಕಿ ತಲುಪಿಸುವ ವೆಚ್ಚವನ್ನು ಭರಿಸುವವರು ಜಾಹೀರಾತುದಾರರೇ ಆದ್ದರಿಂದ ಅವರ ಹಿಡಿತವೂ ಅದೇ ಪ್ರಮಾಣದಲ್ಲಿ ಬಿಗಿಯಾಯಿತು. 1985ರಲ್ಲಿ ಫ್ರಾನ್ಸಿನ ‘ಎಲ್’ ಪತ್ರಿಕೆ ಅಮೆರಿಕಕ್ಕೆ ಬಂದು ಪೈಪೋಟಿಗೆ ನಿಂತಿತು. 1988ರ ನವೆಂಬರಿನಲ್ಲಿ ವಿಂಟೂರರ ಮೊದಲ ಮುಖಪುಟ, ದುಬಾರಿ ಮೇಲಂಗಿಯೊಂದಿಗೆ ಜೀನ್ಸ್ ತೊಟ್ಟ ತರುಣಿಯ ಚಿತ್ರ, ಹೊಸ ಗಾಳಿಯಂತೆ ತೋರಿತು. ಆದರೆ ಮುಂದಿನ ದಶಕದಲ್ಲಿ ರೂಪದರ್ಶಿಯರ ಸ್ಥಾನಕ್ಕೆ ಚಲನಚಿತ್ರ ತಾರೆಯರು ಬಂದರು. ತಾರೆಯ ಹೊಸ ಚಿತ್ರ, ತಾರೆಯ ಮನೆ, ತಾರೆಯ ಮದುವೆ ಇವೇ ಬರಹದ ತಿರುಳಾದಾಗ ಉಡುಪು ನೆಪವಾಯಿತು.

ಅಂಕಿಯೊಂದು ಇಲ್ಲಿ ಮಾತಿಗಿಂತ ಸ್ಪಷ್ಟವಾಗಿದೆ. 2007ರ ಸೆಪ್ಟೆಂಬರ್ ಸಂಚಿಕೆ 840 ಪುಟಗಳಿದ್ದು, ಅದರಲ್ಲಿ 727 ಪುಟಗಳು ಜಾಹೀರಾತುಗಳು. ಸಂಪಾದಕೀಯ ವಿಭಾಗಕ್ಕೆ ಉಳಿದದ್ದು 113 ಪುಟ. ಇದನ್ನು ಪತ್ರಿಕೆಯ ವೈಭವದ ಶಿಖರವೆಂದು ಬಣ್ಣಿಸಿದವರುಂಟು. ಆ ಸಂಚಿಕೆಯ ತಯಾರಿಕೆಯನ್ನೇ ಕುರಿತ ಸಾಕ್ಷ್ಯಚಿತ್ರವೂ 2009ರಲ್ಲಿ ತೆರೆಕಂಡಿತು. ತೂಕಕ್ಕೂ ಗುಣಕ್ಕೂ ಇರುವ ಅಂತರವನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 2008ರ ಆರ್ಥಿಕ ಕುಸಿತದಲ್ಲಿ ಜಾಹೀರಾತುಗಳು ಹಿಂಜರಿದಾಗ ಕೆಳಗೆ ಆಧಾರವಾಗಿ ನಿಲ್ಲಬಲ್ಲ ಬೇರೇನೂ ಇರಲಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಪಕ್ಕವನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಹಳೆಯ ‘ವೋಗ್’ ಎಲ್ಲರ ಪತ್ರಿಕೆಯಾಗಿರಲಿಲ್ಲ. ಕಪ್ಪುವರ್ಣದ ರೂಪದರ್ಶಿ ಡೊನ್ಯೇಲ್ ಲೂನಾ ಬ್ರಿಟಿಷ್ ‘ವೋಗ್’ ಮುಖಪುಟಕ್ಕೆ ಬಂದದ್ದು 1966ರ ಮಾರ್ಚಿನಲ್ಲಿ. ಅಮೆರಿಕನ್ ಆವೃತ್ತಿಯಲ್ಲಿ ಬೆವರ್ಲಿ ಜಾನ್ಸನ್ ಕಾಣಿಸಿಕೊಂಡದ್ದು 1974ರ ಆಗಸ್ಟಿನಲ್ಲಿ. ಪತ್ರಿಕೆ ಹುಟ್ಟಿ ಎಂಟು ದಶಕ ಕಳೆದ ಮೇಲೆ ಎಂಬುದು ಗಮನಾರ್ಹ. ಬ್ರಿಟಿಷ್ ‘ವೋಗ್’ಗೆ 2017ರಲ್ಲಿ ಎಡ್ವರ್ಡ್ ಎನಿನ್‌ಫುಲ್ ಸಂಪಾದಕರಾದಾಗ ಆ ಸ್ಥಾನಕ್ಕೆ ಬಂದ ಮೊದಲ ಕಪ್ಪುವರ್ಣೀಯರು ಅವರಾದರು. ಹೀಗಾಗಿ ‘ಹಿಂದೆ ಚೆನ್ನಾಗಿತ್ತು’ ಎನ್ನುವಾಗ ಯಾರಿಗೆ ಚೆನ್ನಾಗಿತ್ತು ಎಂದು ಕೇಳಲೇಬೇಕಾಗುತ್ತದೆ. ಇಳಿದದ್ದು ಬಟ್ಟೆಯ ತಿಳಿವಳಿಕೆ. ಒಳಗೊಳ್ಳುವಿಕೆ ಇಳಿಯಲಿಲ್ಲ, ತಡವಾಗಿಯಾದರೂ ಹೆಚ್ಚಿತು. ಒಂದನ್ನು ಇನ್ನೊಂದರ ಬೆಲೆಯೆಂದು ಲೆಕ್ಕಹಾಕುವುದು ಸಾಧುವಲ್ಲ.

ಭಾರತಕ್ಕೆ ಬಂದ ಬಗೆ

ಭಾರತದಲ್ಲಿ ಸ್ತ್ರೀಯರ ಉಡುಗೆತೊಡುಗೆಗೆ ಹೆಚ್ಚು ಎಡೆಕೊಟ್ಟು ದೀರ್ಘಕಾಲ ಬಾಳಿದ ಇಂಗ್ಲಿಷ್ ಪತ್ರಿಕೆಯೆಂದರೆ ಟೈಮ್ಸ್ ಆಫ್ ಇಂಡಿಯಾ ಬಳಗದ ‘ಫೆಮಿನಾ’. ಅದು ಆರಂಭವಾದದ್ದು 1959ರಲ್ಲಿ. 1964ರಿಂದ ಅದರ ಹೆಸರಿನಲ್ಲಿ ಸೌಂದರ್ಯ ಸ್ಪರ್ಧೆಯೂ ನಡೆಯಿತು. ‘ಈವ್ಸ್ ವೀಕ್ಲಿ’ ಅದರ ಸಮಕಾಲೀನ ಸ್ಪರ್ಧಿ. ಸೀರೆ ಉಡುವ ನಾಡಿನಲ್ಲಿ ಫ್ಯಾಷನ್ ಪತ್ರಿಕೆಯ ಕೆಲಸ ಪಶ್ಚಿಮಕ್ಕಿಂತ ಬೇರೆಯಾಗಿಯೇ ಇರಬೇಕು. ಸೀರೆಗೆ ಕತ್ತರಿಯಿಲ್ಲ; ಅದರ ಗುಣವೆಲ್ಲ ನೂಲು, ನೇಯ್ಗೆ, ಬಣ್ಣ, ಸೆರಗು, ಅಂಚುಗಳಲ್ಲಿದೆ. ಆದ್ದರಿಂದ ಇಲ್ಲಿಯ ಪತ್ರಿಕೆ ದರ್ಜಿಯ ಬದಲು ನೇಕಾರನನ್ನು ಹುಡುಕಿಕೊಂಡು ಹೋಗಬೇಕಿತ್ತು. ಆ ಕೆಲಸವನ್ನು ಹೆಚ್ಚು ಶ್ರದ್ಧೆಯಿಂದ ಮಾಡಿದವರು ಪತ್ರಿಕೆಗಳಿಗೆ ಹೊರಗಿನವರು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯ ಮೂಲಕ ಊರೂರು ತಿರುಗಿ ಕಸುಬುಗಳನ್ನು ದಾಖಲಿಸಿದ್ದು ಇದಕ್ಕೆ ನಿದರ್ಶನ.

‘ವೋಗ್ ಇಂಡಿಯಾ’ 2007ರಲ್ಲಿ ಆರಂಭವಾಯಿತು. ಮರುವರ್ಷದ ಆಗಸ್ಟ್ ಸಂಚಿಕೆಯಲ್ಲಿ ಪ್ರಕಟವಾದ ಚಿತ್ರಮಾಲೆಯೊಂದು ದೇಶವಿದೇಶಗಳಲ್ಲಿ ಟೀಕೆಗೆ ಗುರಿಯಾಯಿತು. ಹಳ್ಳಿಯ ಬಡವರು ಅದರಲ್ಲಿ ರೂಪದರ್ಶಿಗಳು. ಹಲ್ಲಿಲ್ಲದ ಮುದುಕಿಯೊಬ್ಬಳ ಕಂಕುಳಲ್ಲಿರುವ ಮಗುವಿಗೆ ಸುಮಾರು 100 ಡಾಲರ್ ಬೆಲೆಯ ಫೆಂಡಿ ಎದೆಬಟ್ಟೆ. ಬರಿಗಾಲಿನ ಮನುಷ್ಯನ ಕೈಯಲ್ಲಿ ಸುಮಾರು 200 ಡಾಲರಿನ ಬರ್ಬೆರಿ ಕೊಡೆ. ಬೈಕಿನ ಹಿಂದೆ ಕುಳಿತ ಹೆಂಗಸಿನ ತೋಳಿನಲ್ಲಿ 10,000 ಡಾಲರಿಗೂ ಮಿಕ್ಕ ಬೆಲೆಯ ಹರ್ಮೀಸ್ ಚೀಲ. ಚಿತ್ರಗಳ ಕೆಳಗೆ ವಸ್ತುಗಳ ಹೆಸರಿತ್ತು, ಹಿಡಿದವರ ಹೆಸರಿರಲಿಲ್ಲ. ದಿನಕ್ಕೆ ಒಂದೆರಡು ಡಾಲರುಗಳಲ್ಲಿ ಕೋಟ್ಯಂತರ ಜನ ಬದುಕುವ ದೇಶದಲ್ಲಿ ಇದು ಅಸಹ್ಯವೆಂದು ಟೀಕಾಕಾರರು ಬರೆದರು. ಪತ್ರಿಕೆಯ ಪರವಾಗಿ ಬಂದ ಸಮರ್ಥನೆ, ಫ್ಯಾಷನ್ನನ್ನು ಅಷ್ಟು ಗಂಭೀರವಾಗಿ ತೆಗೆದುಕೊಳ್ಳಬಾರದು ಎಂಬ ಧಾಟಿಯದು.

ಟೀಕೆಯಲ್ಲಿ ಹುರುಳಿದ್ದರೂ ಅದು ಅರ್ಧ ದಾರಿಗೇ ನಿಂತಿತು. ಬಡತನದ ಪಕ್ಕದಲ್ಲಿ ಸಿರಿಯನ್ನಿಟ್ಟದ್ದಷ್ಟೇ ಅಲ್ಲಿಯ ದೋಷವಲ್ಲ. ಪೆನ್‌ನ ಕಸುಬುದಾರರು ತಮ್ಮ ಬಟ್ಟೆಯಲ್ಲಿ, ತಮ್ಮ ಹತ್ಯಾರುಗಳೊಂದಿಗೆ ನಿಂತಿದ್ದರು. 2008ರ ಹಳ್ಳಿಗರ ಕೈಗೆ ತಮ್ಮದಲ್ಲದ ವಸ್ತುವನ್ನು ಹಿಡಿಸಲಾಗಿತ್ತು. ಅವರು ಉಟ್ಟಿದ್ದ ಸೀರೆ, ಸುತ್ತಿದ್ದ ರುಮಾಲು ಎಲ್ಲಿಯ ನೂಲು, ಯಾರ ನೇಯ್ಗೆ, ಯಾವ ಬಣ್ಣವೆಂದು ಹೇಳುವ ಒಂದು ಸಾಲೂ ಪತ್ರಿಕೆಗೆ ಬೇಕಾಗಲಿಲ್ಲ. ಬಟ್ಟೆಯ ಪತ್ರಿಕೆಗೆ ಕಣ್ಣೆದುರಿನ ಬಟ್ಟೆಯೇ ಕಾಣದೆ ಹೋದದ್ದು ನಿಜವಾದ ಇಳಿಕೆ.

ಗೂಡಿನ ಮಾರುಕಟ್ಟೆಯ ಅಳತೆಗೋಲು

ಈ ಕುರುಡು ಎಷ್ಟು ದೊಡ್ಡದೆಂಬುದು ಶಿಡ್ಲಘಟ್ಟದಲ್ಲಿ ಹೆಚ್ಚು ಅರಿವಿಗೆ ಬರುತ್ತದೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಪ್ರೋತ್ಸಾಹ ಪಡೆದ ಮೈಸೂರು ಸೀಮೆಯ ರೇಷ್ಮೆಗೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜೆ.ಎನ್. ಟಾಟಾ ಬೆಂಗಳೂರಿನಲ್ಲಿ ಜಪಾನೀ ತಜ್ಞರ ನೆರವಿನಿಂದ ಸ್ಥಾಪಿಸಿದ ರೇಷ್ಮೆ ಕ್ಷೇತ್ರ ಹೊಸ ಚಾಲನೆ ಕೊಟ್ಟಿತು. ಬಸವನಗುಡಿಯ ಬಳಿ ಆ ಹೆಸರು ಬಡಾವಣೆಯ ಹೆಸರಾಗಿ ಇಂದಿಗೂ ಉಳಿದಿದೆ. ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಆರಂಭವಾಯಿತು. ಕೋಲಾರ, ಚಿಕ್ಕಬಳ್ಳಾಪುರ ಪ್ರದೇಶದ ನೂಲು ಕಾಂಚೀಪುರ, ಧರ್ಮಾವರಂಗಳ ಮಗ್ಗಗಳಿಗೂ ಹೋಗುತ್ತದೆ. ಅಲ್ಲಿಯ ಸೀರೆಗೆ ಅಲ್ಲಿಯದೇ ಹೆಸರು. ನೂಲಿನ ಊರನ್ನು ಯಾರೂ ಕೇಳುವುದಿಲ್ಲ.

ಇಲ್ಲಿಯ ಗೂಡಿನ ಮಾರುಕಟ್ಟೆಯಲ್ಲಿ ಗುಣಮಟ್ಟವೆಂಬುದು ಬಹಿರಂಗವಾಗಿ ತೀರ್ಮಾನವಾಗುವ ವಿಷಯ. ರೈತ ತಂದ ಗೂಡು ಜನರೆದುರು ರಾಶಿಯಾಗಿ ಬೀಳುತ್ತದೆ. ನೂಲು ಬಿಚ್ಚುವ ರೀಲರ್ ಒಂದು ಹಿಡಿ ಎತ್ತಿ, ಬೆರಳಿನಿಂದ ಒತ್ತಿ ಗಟ್ಟಿತನವನ್ನು ನೋಡುತ್ತಾನೆ. ಕಿವಿಯ ಬಳಿ ಅಲುಗಿಸುತ್ತಾನೆ. ಕಲೆಬಿದ್ದ ಗೂಡು, ಎರಡು ಹುಳು ಸೇರಿ ಕಟ್ಟಿದ ಜೋಡಿಗೂಡು ಎಷ್ಟಿವೆಯೆಂದು ಕಣ್ಣಿನಲ್ಲೇ ಎಣಿಸುತ್ತಾನೆ. ಹಳದಿಯ ಮಿಶ್ರತಳಿಗೆ ಒಂದು ಲೆಕ್ಕ, ಬಿಳಿಯ ದ್ವಿತಳಿಗೆ ಇನ್ನೊಂದು. ಒಂದು ಗೂಡಿನಲ್ಲಿ ಕೆಲವು ನೂರು ಮೀಟರಿನಿಂದ ಸಾವಿರ ಮೀಟರಿನವರೆಗೂ ಎಳೆಯಿರುತ್ತದೆ. ಬಿಸಿನೀರಿನಲ್ಲಿ ಬೇಯಿಸಿ ಹಲವು ಗೂಡುಗಳ ಎಳೆಗಳನ್ನು ಕೂಡಿಸಿ ಒಂದು ನೂಲಾಗಿ ಸುತ್ತಬೇಕು. ಗೂಡು ಕೆಟ್ಟದ್ದಾದರೆ ಎಳೆ ಪದೇ ಪದೇ ತುಂಡಾಗುತ್ತದೆ, ನಷ್ಟ ಅಂದೇ ತಿಳಿಯುತ್ತದೆ. ಈ ವ್ಯಾಪಾರ ಗುಟ್ಟಾಗಿ ನಡೆಯದೆ ನಿಗದಿತ ಮಾರುಕಟ್ಟೆಯಲ್ಲಿಯೇ ಹರಾಜಿನ ಮೂಲಕ ನಡೆಯಲೆಂದು ಬಂದ ರೇಷ್ಮೆ ಬಿತ್ತನೆ, ಗೂಡು ಮತ್ತು ನೂಲಿನ ಕಾಯಿದೆಯ ವರ್ಷವೂ 1959; ‘ಫೆಮಿನಾ’ ಆರಂಭವಾದ ವರ್ಷವೇ. ಇದೊಂದು ಆಕಸ್ಮಿಕ, ಅಷ್ಟೆ. ಆದರೂ ಪತ್ರಿಕೆಯ ಓದುಗಳಿಗೆ ಇಂತಹ ಹರಾಜಿನ ಕಟ್ಟೆಯಿಲ್ಲ. ಕಾಸು ಕೊಟ್ಟ ಮೇಲೆ ಸಂಚಿಕೆ ತೆರೆಯುತ್ತಾಳೆ. ಕೆಟ್ಟದೆಂದು ತಿಳಿದಾಗ ಬೇಸರಪಡುತ್ತಾಳೆ, ಅಥವಾ ಚಂದಾ ನಿಲ್ಲಿಸುತ್ತಾಳೆ. ಜಾಹೀರಾತಿನ ಆದಾಯದ ಮೇಲೆ ನಿಂತ ಪತ್ರಿಕೆಗೆ ಅವಳ ಚಂದಾದ ನಷ್ಟ ಬಹಳ ಕಾಲ ಗಮನಕ್ಕೇ ಬರುವುದಿಲ್ಲ.

ಕನ್ನಡದಲ್ಲಿ ಪೂರ್ಣಪ್ರಮಾಣದ ಫ್ಯಾಷನ್ ಪತ್ರಿಕೆಯೊಂದು ನೆಲೆಯೂರಿ ದೀರ್ಘಕಾಲ ನಡೆಯಲಿಲ್ಲ. ಇಲ್ಲಿಯ ಸ್ತ್ರೀಪತ್ರಿಕೆಗಳ ಹುಟ್ಟು ಬೇರೆ ಅಗತ್ಯದಿಂದಾಯಿತು. ನಂಜನಗೂಡು ತಿರುಮಲಾಂಬ ‘ಕರ್ನಾಟಕ ನಂದಿನಿ’ಯನ್ನೂ, ಆರ್. ಕಲ್ಯಾಣಮ್ಮ 1921ರಲ್ಲಿ ‘ಸರಸ್ವತಿ’ಯನ್ನೂ ಆರಂಭಿಸಿದಾಗ ಅವರ ಮುಂದಿದ್ದುದು ವಿದ್ಯೆ, ವೈಧವ್ಯ, ಆರೋಗ್ಯ, ಗೃಹಜೀವನದ ಪ್ರಶ್ನೆಗಳು. ಇಬ್ಬರೂ ಬಾಲವಿಧವೆಯರು, ಉಡುಪು ಅವರ ಪಾಲಿಗೆ ಸಮಾಜ ಹೇರಿದ ಗುರುತೂ ಆಗಿತ್ತೆಂಬುದನ್ನು ಮರೆಯುವಂತಿಲ್ಲ. ಕಲ್ಯಾಣಮ್ಮ ತಮ್ಮ ಪತ್ರಿಕೆಯನ್ನು ನಾಲ್ಕು ದಶಕಗಳ ಕಾಲ ನಡೆಸಿದರು. ಜಾಹೀರಾತಿನ ಸಿರಿಯಿಲ್ಲದೆ, ಒಬ್ಬರ ಛಲದ ಮೇಲೆ ನಿಂತ ಆಯುಷ್ಯ ಅದು.

ಬಟ್ಟೆಯ ವಿಷಯ ಕನ್ನಡದಲ್ಲಿ ಹೆಚ್ಚಾಗಿ ಬಂದದ್ದು 1965ರ ‘ಸುಧಾ’, 1983ರ ‘ತರಂಗ’ ಮೊದಲಾದ ಕುಟುಂಬ ವಾರಪತ್ರಿಕೆಗಳ ಮಹಿಳಾ ಪುಟಗಳಲ್ಲಿ. ಉಲ್ಲನ್ನಿನ ಹೆಣಿಗೆ, ಕಸೂತಿಯ ನಮೂನೆ, ಮಕ್ಕಳ ಅಂಗಿಯ ಅಳತೆ, ಹಳೆಯ ಸೀರೆಯ ಮರುಬಳಕೆ ಇಂತಹ ಬರಹಗಳಿಗೆ ತಾಲ್ಲೂಕು ಕೇಂದ್ರಗಳ ಹೊಲಿಗೆ ತರಗತಿಗಳಲ್ಲಿ ಓದುಗರಿದ್ದರು. ಸಿದ್ಧ ಉಡುಪು ಅಗ್ಗವಾದಂತೆ ಆ ಪುಟಗಳು ಸೊರಗಿದವು. ಅವುಗಳ ಜಾಗಕ್ಕೆ ತಾರೆಯರ ಉಡುಪಿನ ಚಿತ್ರಗಳೂ ಪ್ರಸಾಧನದ ಸಲಹೆಗಳೂ ಬಂದವು. ದೊಡ್ಡ ಪತ್ರಿಕೆಯಲ್ಲಿ ಅರ್ಧ ಶತಮಾನದಲ್ಲಿ ಆದ ಬದಲಾವಣೆ ಇಲ್ಲಿ ಒಂದೆರಡು ದಶಕಗಳಲ್ಲಿ ಮುಗಿಯಿತು. ಹೊಲಿಗೆ ಬಲ್ಲ ಹೆಂಗಸರು ಮಾತ್ರ ಇಲ್ಲವಾಗಲಿಲ್ಲ. ಅವರು ಸಿದ್ಧ ಉಡುಪಿನ ಕಾರ್ಖಾನೆಗೆ ಹೋದರು. ಅಲ್ಲಿ ಒಬ್ಬಳು ಕಾಲರ್ ಹೊಲಿಯುತ್ತಾಳೆ, ಇನ್ನೊಬ್ಬಳು ತೋಳು. ಇಡೀ ಅಂಗಿಯ ವಿದ್ಯೆ ಯಾರೊಬ್ಬಳ ಕೈಯಲ್ಲೂ ಇರಬೇಕಾದ ಅಗತ್ಯವಿಲ್ಲ.

ಸಂಚಿಕೆಗಳ ಉಳಿವು

ಓದುಗರ ನಿರಾಶೆ ನ್ಯಾಯವೋ ಅಲ್ಲವೋ ಎಂದು ಪರೀಕ್ಷಿಸಲು ಹಳೆಯ ಸಂಚಿಕೆಗಳು ಕೈಗೆ ಸಿಗಬೇಕು. 2011ರ ಒಂದು ಪ್ರಸಂಗ ಇದರ ಮಹತ್ತ್ವವನ್ನು ತಿಳಿಸುತ್ತದೆ. ಆ ವರ್ಷದ ಮಾರ್ಚ್ ಸಂಚಿಕೆಯಲ್ಲಿ ಅಮೆರಿಕನ್ ‘ವೋಗ್’ ಸಿರಿಯಾದ ಅಧ್ಯಕ್ಷನ ಪತ್ನಿ ಅಸ್ಮಾ ಅಲ್ ಅಸಾದ್ ಕುರಿತು ಸ್ತುತಿಲೇಖನವೊಂದನ್ನು ಪ್ರಕಟಿಸಿತು. ಅದೇ ತಿಂಗಳು ಸಿರಿಯಾದಲ್ಲಿ ಪ್ರತಿಭಟನೆಗಳು ಸ್ಫೋಟಿಸಿದವು. ಸರ್ಕಾರ ಗುಂಡು ಹಾರಿಸಿತು. ಕೆಲವೇ ವಾರಗಳಲ್ಲಿ ಪತ್ರಿಕೆ ಆ ಲೇಖನವನ್ನು ತನ್ನ ಅಂತರಜಾಲ ತಾಣದಿಂದ ತೆಗೆದುಹಾಕಿತು. ಲೀ ಮಿಲ್ಲರಳ ಚಿತ್ರಗಳನ್ನು ಅಚ್ಚಿಸಿದ ಪತ್ರಿಕೆಯೇ ಇದು. ತಾಣದಿಂದ ಲೇಖನ ಮಾಯವಾದರೂ ಅಚ್ಚಾದ ಸಂಚಿಕೆಯನ್ನು ಹಿಂದಕ್ಕೆ ಪಡೆಯಲಾಗಲಿಲ್ಲ. 2025ರ ಆಗಸ್ಟ್ ಸಂಚಿಕೆಯಲ್ಲಿ ಗೆಸ್ ಕಂಪನಿಯ ಜಾಹೀರಾತಿಗೆ ಕೃತಕ ಬುದ್ಧಿಮತ್ತೆ ಸೃಷ್ಟಿಸಿದ, ಎಂದೂ ಬದುಕಿರದ ರೂಪದರ್ಶಿ ಬಂದಾಗಲೂ ಹಳೆಯ ಓದುಗರು ಸಿಟ್ಟಾದರು. ಆ ವರ್ಷವೇ ವಿಂಟೂರ್ ಅಮೆರಿಕನ್ ಆವೃತ್ತಿಯ ಸಂಪಾದಕತ್ವದಿಂದ ಸರಿದು, ಸೆಪ್ಟೆಂಬರಿನಲ್ಲಿ ಕ್ಲೋಯಿ ಮ್ಯಾಲ್ ಆ ಹೊಣೆಯನ್ನು ಹೊತ್ತರು. ಆ ಜಾಹೀರಾತಿನ ಮೂಲೆಯಲ್ಲಿ ಸಣ್ಣಕ್ಷರದಲ್ಲಿದ್ದ ಸೂಚನೆ ಮುಂದಿನ ಸಂಶೋಧಕನಿಗೆ ಕಾಣಬೇಕಾದರೆ ಆ ಪುಟ ಉಳಿದಿರಬೇಕು.

ಗ್ರಂಥಾಲಯಗಳ ರೂಢಿ ಇಲ್ಲಿ ತೊಡಕಾಗಿದೆ. ನಿಯತಕಾಲಿಕಗಳನ್ನು ಸಂಪುಟವಾಗಿ ರಟ್ಟು ಕಟ್ಟಿಸುವಾಗ ಮುಖಪುಟವನ್ನೂ ಜಾಹೀರಾತಿನ ಹಾಳೆಗಳನ್ನೂ ಕಿತ್ತುಹಾಕಿ ‘ವಿಷಯ’ವನ್ನು ಮಾತ್ರ ಉಳಿಸುವ ಪದ್ಧತಿ ಬಹುಕಾಲ ನಡೆದುಬಂದಿತು. ಸಾಹಿತ್ಯಪತ್ರಿಕೆಗೇ ಇದರಿಂದ ಹಾನಿ. ಫ್ಯಾಷನ್ ಪತ್ರಿಕೆಗಂತೂ 840 ಪುಟಗಳಲ್ಲಿ 727 ಪುಟಗಳನ್ನು ಕಳೆದುಕೊಂಡಂತೆ. ಹೊಲಿಗೆಯ ಪುಟಗಳ ಗತಿ ಇನ್ನೊಂದು ಬಗೆಯದು. ಓದುಗಳು ಅಳತೆಯ ಹಾಳೆಯನ್ನು ಕತ್ತರಿಸಿಕೊಂಡ ಸಂಚಿಕೆ ಗ್ರಂಥಪಾಲಕನಿಗೆ ಹಾಳಾದ ಪ್ರತಿಯೆನಿಸಿ ರದ್ದಿಗೆ ಹೋಗುತ್ತದೆ. ಪತ್ರಿಕೆಯೊಂದು ನಿಜವಾಗಿ ಉಪಯೋಗಕ್ಕೆ ಬಂದಿತ್ತೆಂಬುದಕ್ಕೆ ಇರುವ ಅತ್ಯುತ್ತಮ ಸಾಕ್ಷಿ ಅದು. ಅಂತಹ ಪ್ರತಿಗಳನ್ನು ಹಾಗೆಯೇ, ಕತ್ತರಿಯ ಗುರುತಿನೊಂದಿಗೆ, ಪಟ್ಟಿಮಾಡಿ ಇಡುವುದು ಅಗತ್ಯ.

ಅಮೆರಿಕನ್ ‘ವೋಗ್’ನ 1892ರಿಂದೀಚಿನ ಸಂಚಿಕೆಗಳು ಜಾಹೀರಾತುಗಳ ಸಹಿತವಾಗಿ 2011ರಲ್ಲಿ ಗಣಕೀಕೃತ ಸಂಗ್ರಹವಾಗಿ ಹೊರಬಂದವು, ಚಂದಾ ತೆತ್ತ ಸಂಸ್ಥೆಗಳಿಗೆ ಅದು ದೊರೆಯುತ್ತದೆ. ಭಾರತದಲ್ಲಿ ಅಚ್ಚಾಗುವ ಪತ್ರಿಕೆಗಳ ಪ್ರತಿಗಳನ್ನು ಸಾರ್ವಜನಿಕ ಗ್ರಂಥಾಲಯಗಳಿಗೆ ಕಡ್ಡಾಯವಾಗಿ ಒಪ್ಪಿಸಬೇಕೆಂಬ 1954ರ ಕಾಯಿದೆಯೂ ಅದರ 1956ರ ತಿದ್ದುಪಡಿಯೂ ನಾಲ್ಕು ಸ್ಥಳಗಳನ್ನು ಹೆಸರಿಸಿವೆ: ಕೋಲ್ಕತ್ತ, ಮುಂಬಯಿ, ಚೆನ್ನೈ, ದೆಹಲಿ. ಕರ್ನಾಟಕದಲ್ಲಿ ಒಂದೂ ಇಲ್ಲ. 2008ರ ಆಗಸ್ಟಿನ ಆ ಚಿತ್ರಮಾಲೆಯಲ್ಲಿ ಹಳ್ಳಿಯ ಹೆಂಗಸು ಉಟ್ಟ ಸೀರೆಯ ನೂಲು ಯಾವ ಬಗೆಯದಿರಬಹುದೆಂದು ಶಿಡ್ಲಘಟ್ಟದ ನುರಿತ ರೀಲರನೊಬ್ಬನಿಗೆ ತೋರಿಸಿ ಕೇಳಬಯಸುವ ಸಂಶೋಧಕನಿಗೆ, ಕಾಯಿದೆಯ ಪ್ರಕಾರ ಆ ಸಂಚಿಕೆ ಇರಬೇಕಾದ ಅತ್ಯಂತ ಸಮೀಪದ ಸ್ಥಳ ಚೆನ್ನೈನ ಕನ್ನೆಮರಾ ಗ್ರಂಥಾಲಯ.